ಬಾಜು ಮನೆ ಅಣ್ಣನ ಏಳು ಹಳದಿ ಚುಕ್ಕೆ

ಬಾಜು ಮನೆ ಅಣ್ಣ ತೀರಿಕೊಂಡು ಎರಡು ತಿಂಗಳಾಯಿತು. ಸತ್ತ ಮೇಲೆ ಎಲ್ಲರೂ ಒಳ್ಳೆಯವರೇ. ಅವನ ದಿನಕ್ಕೆ ಬಂದು ಉಂಡವರು ಒಬ್ಬರಾದ ಮೇಲೆ ಒಬ್ಬರು, ಬಂಗಾರದಂಥ ಮನುಷ್ಯ, ಬಂಗಾರದಂಥ ಮನುಷ್ಯ ಅಂದು ಎದ್ದು ಹೋದರು. ಬಂಗಾರ ಏನಲ್ಲ. ಹಟಮಾರಿ. ಊಟಕ್ಕೆ ಕರೆದರೆ ಕರೆದ ಹೊತ್ತಿಗೆ ಬರುತ್ತಿರಲಿಲ್ಲ. ಚಹಾ ತಣ್ಣಗಾಗಿದ್ದರೆ ಒಂದು ಗುಟುಕು ಕುಡಿದು, ಮಿಕ್ಕದ್ದನ್ನು ನನ್ನ ಕಣ್ಣೆದುರೇ ತುಳಸಿ ಬುಡಕ್ಕೆ ಹಾಕುತ್ತಿದ್ದ. ಆದರೆ ಕೆಲಸದಲ್ಲಿ ಮೋಸ ಇರಲಿಲ್ಲ. ನನಗೆ ಅಷ್ಟು ಸಾಕು.

ಅವನ ಹೆಸರು ಬರೆಯುವುದಿಲ್ಲ. ಕಾರಿಗೆ ಬಣ್ಣ ಚಕ್ಕೆ ಎದ್ದ ಕಡೆ ಮತ್ತೆ ಬಣ್ಣ ಇಡುವುದು ಅವನ ಕೆಲಸ. ಆ ಕೆಲಸ ಚಲೋ ಆಯಿತು ಅಂದರೆ ಅದು ಕಾಣಬಾರದು. ಕೆಲಸವೇ ಕಾಣಬಾರದು ಅಂತಿದ್ದವನ ಹೆಸರು ಕಾಣಿಸಿ ಏನು ಮಾಡುವುದು. ನಾನು ತವರೂರು ರಾರಾವಿಯ ಸಾಲಿಯಲ್ಲಿ ನಾಲ್ಕನೇತ್ತೆ ತನಕ ಓದಿದವಳು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ಅವ ಬಳ್ಳಾರಿಯ ಒಂದು ಶೆಡ್ಡಿನಲ್ಲಿ ಮೂವತ್ತು ವರ್ಷದ ಮೇಲೆ ಬಣ್ಣ ಹೊಡೆಯುವ ಗನ್ನು ಹಿಡಿದು ದುಡಿದವ. ಆಮೇಲೆ ದಮ್ಮು ಶುರುವಾಯಿತು. ಡಾಕ್ಟರು ಗನ್ನು ಮುಟ್ಟಬೇಡ ಅಂದರು. ಮುಟ್ಟುವುದು ಬಿಟ್ಟು ಮಗಳ ಮನೆಗೆ ಬಂದ, ಅಂದರೆ ನಮ್ಮ ಬಾಜು ಮನೆಗೆ. ಮಗಳು ಜಂಪರು ಹೊಲಿಯುವಾಕೆ. ಒಳಗೆ ಅವಳ ಮಿಷನ್ನು, ಹೊರಗೆ ಕಟ್ಟೆ ಮೇಲೆ ಇವನ ನಾಲ್ಕು ಡಬ್ಬಿ, ಒಂದು ಕಡ್ಡಿಪೆಟ್ಟಿಗೆ, ಒಂದು ಹಳೇ ಬನಿಯನ್ನು. ದೊಡ್ಡ ಕೆಲಸ ಒಲ್ಲೆ ಅಂದುಬಿಟ್ಟ. ಕಲ್ಲು ಸಿಡಿದದ್ದು, ಸೈಕಲ್ಲು ಗೀರಿದ್ದು, ಗೇಟು ಬಡಿದದ್ದು, ಎಮ್ಮೆ ಕೋಡು ಉಜ್ಜಿದ್ದು, ಇಂಥವು ಮಾತ್ರ.

ಅವರ ಹಿರಿಯರು ಆಂಧ್ರದ ಆಲೂರು ಕಡೆಯವರು. ಮನೆಯಲ್ಲಿ ತೆಲುಗು. ಮೊದಲ ದಿನವೇ ನನ್ನನ್ನು ಚೆಲ್ಲೆಮ್ಮ ಅಂದ. ತೆಲುಗಿನಲ್ಲಿ ತಂಗಿ ಅಂದಂಗೆ. ನಾನು ಬೆಳಿಗ್ಗೆ ಎದ್ದು ಬಾಗಿಲ ಮುಂದೆ ನೀರು ಹೊಡೆಯುತ್ತಿದ್ದೆ. ಅವ ಕಟ್ಟೆ ಮೇಲೆ ಕುಂತು ಬೀಡಿ ಇಲ್ಲದ ಬಾಯಿ ಆಡಿಸುತ್ತಿದ್ದ.

"ಚೆಲ್ಲೆಮ್ಮಾ, ಒಂದು ಕೊಡ ನಮ್ಮ ಕಡೀನೂ ಹೊಡಿ."

"ಯಾಕ್ರಿ, ನಿಮ್ಮ ಮನ್ಯಾಗ ನೀರು ಬಂದಿಲ್ಲೇನು?"

"ನೀರು ಬಂದೈತಿ. ಸೊಂಟ ಬರವಲ್ದು."

"ನನ್ನ ಸೊಂಟ ಏನು ಸರ್ಕಾರದ್ದೇನು?"

ಆಮೇಲೆ ಯಾಕೆ ಅಂತ ಹೇಳಿದ. ಬಳ್ಳಾರಿ ಧೂಳು ನಿಮಗೆ ಗೊತ್ತೇ ಇದೆ. ಒಣ ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಗಾಗುತ್ತದೆ. ಹಸಿ ಬಣ್ಣದ ಮೇಲೆ ಆ ಧೂಳು ಒಂದು ಕಾಳು ಕುಂತರೂ ಗಲ್ಲದ ಮೇಲೆ ಮೊಡವೆ ಎದ್ದಂಗೆ. ಅದಕ್ಕೆ ನೆಲ ತೋಯಬೇಕು, ಬಿಸಿಲು ಏರುವ ಮೊದಲೇ ಕೆಲಸ ಮುಗಿಯಬೇಕು, ಗಾಳಿ ಇರಬಾರದು. ಮರುದಿನದಿಂದ ನಾಲ್ಕು ಕೊಡ ನೀರು ಅವನ ಕಟ್ಟೆ ಮುಂದೆ ಹೊಡೆದೆ. ಒಂದು ವಾರ 'ರಿ' ಹಚ್ಚಿ ಮಾತಾಡಿದೆ. ಎಂಟನೇ ದಿನಕ್ಕೆ ಬಿಟ್ಟೆ. ನೀರು ಹೊಡೆಸಿಕೊಳ್ಳುವವನಿಗೆ ರೀ ಯಾಕೆ.

ಅವನ ಕೆಲಸ ನಿಂತು ನೋಡಿದರೆ ಕೆಲಸವೇ ಅನ್ನಿಸುತ್ತಿರಲಿಲ್ಲ. ಅರ್ಧ ಹೊತ್ತು ತೊಳೆಯುವುದು, ಒರೆಸುವುದು. ಚಕ್ಕೆ ಎದ್ದ ಜಾಗದ ಅಂಚನ್ನು ನೀರು ಹಚ್ಚಿದ ನುಣುಪು ಉಜ್ಜುಕಾಗದದಿಂದ ಮೆಲ್ಲಗೆ ಉಜ್ಜುವುದು, ಮಗುವಿನ ಮೂಗು ಒರೆಸಿದಂಗೆ. ತುಕ್ಕು ಇದ್ದರೆ ಪೂರಾ ಕೆರೆದು ತೆಗೆಯುವುದು. "ತುಕ್ಕಿನ ಮ್ಯಾಲ ಬಣ್ಣ ಇಟ್ರ, ಹುಣ್ಣಿನ ಮ್ಯಾಲ ಪೌಡರ್ ಹಚ್ಚಿದಂಗ" ಅಂತಿದ್ದ. ಆಮೇಲೆ ಪ್ರೈಮರು. ಒಣಗಬೇಕು. ಆಮೇಲೆ ಬಣ್ಣ. ಅದಕ್ಕೆ ಕುಂಚ ಇಲ್ಲ. ಕಡ್ಡಿಪೆಟ್ಟಿಗೆಯ ಕಡ್ಡಿ, ಮದ್ದಿಲ್ಲದ ತುದಿ, ಬ್ಲೇಡಿನಿಂದ ಕೆತ್ತಿ ಚೂಪು ಮಾಡಿದ್ದು. ಅದರ ತುದಿಗೆ ಸಾಸಿವೆಯಷ್ಟು ಬಣ್ಣ. ಉಸಿರು ಹಿಡಿದು ಇಡುತ್ತಿದ್ದ. ದಮ್ಮಿನ ಮನುಷ್ಯ ಉಸಿರು ಹಿಡಿಯುವುದು ಸಣ್ಣ ಮಾತಲ್ಲ. ಆಗ ಯಾರು ಏನು ಕೇಳಿದರೂ ಉತ್ತರ ಇಲ್ಲ. ಇಟ್ಟ ಮೇಲೆ ಬಾಗಿಲ ಪಕ್ಕಕ್ಕೆ ಗಲ್ಲ ತಾಗಿಸಿದಂಗೆ ಬಗ್ಗಿ ಓರೆಯಾಗಿ ನೋಡುತ್ತಿದ್ದ, ಅವರೇಕಾಯಿ ಹೊಲದಲ್ಲಿ ಮೊಲ ಹುಡುಕುವವನಂಗೆ. ಒಣಗಿದ ಮೇಲೆ ಇನ್ನೊಂದು ಸಾಸಿವೆ. ಹಿಂಗೆ ನಾಲ್ಕು ಸಲ, ಐದು ಸಲ.

ಒಮ್ಮೆ ಒಬ್ಬ ಸಾಹೇಬರು ಬಂದು ಕೈಗಡಿಯಾರ ನೋಡಿ ನೋಡಿ, "ಎಷ್ಟೊತ್ತು ಆಗ್ತೈತಪ್ಪ, ಒಂದು ಚುಕ್ಕಿಗೆ?" ಅಂದರು.

"ಇಡೋದು ನನ್ನ ಕೆಲಸ ಸಾಹೇಬ್ರ. ಒಣಗೋದು ಅದರ ಕೆಲಸ. ಅವಸರ ಇದ್ರ ನೀವೇ ಊದ್ರಿ."

ಊದಿದರೆ ಎಂಜಲು ಸಿಡಿದು ಕೆಲಸ ಕೆಡುತ್ತದೆ ಅಂತ ಅವನಿಗೆ ಗೊತ್ತು. ಸಾಹೇಬರಿಗೆ ಗೊತ್ತಿರಲಿಲ್ಲ. ಬಗ್ಗಿಯೇಬಿಟ್ಟಿದ್ದರು. ನಾನು ಕೂಗಿ ನಿಲ್ಲಿಸಿದೆ.

ಈಗ ಮೊಬೈಲಿನಲ್ಲಿ ಒತ್ತಿದರೆ ಕಾರಿನ ನಂಬರಿಗೆ ಸರಿಯಾಗಿ ಬಣ್ಣದ ಸಣ್ಣ ಸೀಸೆ ಮನೆಗೇ ಬರುತ್ತದೆ. ನನ್ನ ಮಗನೂ ತರಿಸಿದ್ದ. ಮಗ ಒಂದು ಬಿಳಿ ಕಾರು ಇಟ್ಟುಕೊಂಡು ಬಾಡಿಗೆಗೆ ಹೊಡೆಯುತ್ತಾನೆ. ಅಣ್ಣ ಸೀಸೆ ತಿರುಗಿಸಿ ನೋಡಿ ವಾಪಸ್ ಕೊಟ್ಟ. "ಇದು ಕಾರು ಹುಟ್ಟಿದ ದಿನದ ಬಣ್ಣ. ಬಳ್ಳಾರಿ ಬಿಸಿಲಾಗ ಮೂರು ವರ್ಷ ನಿಂತ ಕಾರು ಇದು. ಕೂಸಿನ ಅಂಗಿ ತಂದು ಮುದುಕನಿಗೆ ತೊಡಸ್ತೀಯೇನು?" ಅಂದ. ಬಿಳಿಗೆ ಒಂದು ಹನಿ ಕಪ್ಪು, ಅರ್ಧ ಹನಿ ಹಳದಿ, ಕಡ್ಡಿ ತುದಿ ಕೆಂಪು. ಕಾರಿಗೆ ಎಷ್ಟು ವಯಸ್ಸಾಗಿದೆಯೋ ಅಷ್ಟು ವಯಸ್ಸಿನ ಬಿಳಿ ಕಲೆಸುತ್ತಿದ್ದ.

ನನಗೂ ಬಿಳಿ ಗೊತ್ತು. ಮದುವೆಗೆ ಮೊದಲು ಮೂರು ವರ್ಷ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದೆ. ಹತ್ತು ಹೆಣ್ಣುಮಕ್ಕಳು ಸಾಲಾಗಿ ಕುಂತು ಮೊರದಲ್ಲಿ ಅಕ್ಕಿ ಕೇರಿ, ಕಲ್ಲು, ಕಪ್ಪು ಕಾಳು, ಮಳೆ ಹತ್ತಿದ ಕಾಳು ಆರಿಸುವುದು. ಹೊಸ ಅಕ್ಕಿ ಬೇರೆ ಬಿಳಿ, ವರ್ಷ ಆದದ್ದು ಬೇರೆ ಬಿಳಿ, ಕಣದಲ್ಲಿ ಮಳೆಗೆ ತೋಯ್ದ ಭತ್ತದ ಅಕ್ಕಿ ಬೇರೆ ಬಿಳಿ. ಒಂದು ದಿನ ಅಣ್ಣ ಹಲಗೆ ಮೇಲೆ ಮೂರು ಬಿಳಿ ಕಲೆಸಿ ಇಟ್ಟು ತಲೆ ಕೆರೆಯುತ್ತಿದ್ದ. ನಾನು ಕೊಡ ಇಳಿಸಿ, "ಈ ಕಾರು ವರ್ಷದ ಅಕ್ಕಿ. ನಡುವಿನದು ಹಚ್ಚು" ಅಂದೆ. ಹಚ್ಚಿದ. ಹೊಂದಿತು. ಅವತ್ತಿನಿಂದ ನಮ್ಮಿಬ್ಬರ ಮಾತೆಲ್ಲ ಅಕ್ಕಿಯಲ್ಲೇ.

"ಚೆಲ್ಲೆಮ್ಮ, ಇದು ಹೊಸ ಸೋನಾ ಅನಸ್ತೈತಿ."

"ಹೊಸ ಸೋನಾ ಅಲ್ಲ, ಸಂಕ್ರಾಂತಿ ದಾಟಿದ್ದು."

ದಾರಿಯಲ್ಲಿ ಹೋಗುವವರು ನಾವು ರೇಷನ್ ಬಗ್ಗೆ ಮಾತಾಡುತ್ತೇವೆ ಅಂದುಕೊಳ್ಳುತ್ತಿದ್ದರು.

ಕೆಲಸ ಮುಗಿದ ಮೇಲೆ ಅವನದೊಂದು ಆಟ. ಕಾರು ಒರೆಸಿ, ನನ್ನನ್ನು ಕರೆದು, "ಎಲ್ಲೈತಿ ಹುಡುಕು" ಅನ್ನುವುದು. ನಾನು ಕಾರಿನ ಸುತ್ತ ತಿರುಗಬೇಕು. ಹತ್ತು ಸಲದಲ್ಲಿ ಎಂಟು ಸಲ ನನಗೆ ಸಿಗುತ್ತಿರಲಿಲ್ಲ. ಆಗ ಅವನ ಮುಖ ನೋಡಬೇಕಿತ್ತು. ನಗುತ್ತಿರಲಿಲ್ಲ. ಬನಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಸುಮ್ಮನೆ ಒಳಗೆ ಹೋಗುತ್ತಿದ್ದ, ಲಗ್ನ ಮುಗಿಸಿದ ಹೆಣ್ಣಿನ ಅಪ್ಪನಂಗೆ.

ಎರಡು ವರ್ಷದ ಹಿಂದೆ ನಾನು ಆರೇಳು ತಿಂಗಳು ರಾರಾವಿಯಲ್ಲಿ ತಮ್ಮನ ಮನೆಯಲ್ಲಿದ್ದೆ. ಅವನ ಹೆಂಡತಿ ಕಾಲು ಮುರಿದುಕೊಂಡಿದ್ದಳು. ತಿರುಗಿ ಬಂದು ನಾಲ್ಕು ದಿನ ಆಗಿರಬೇಕು. ಮಗ ಕಾರನ್ನು ಗೇಟಿಗೆ ತಾಗಿಸಿಕೊಂಡು ಬಂದ. ಅಣ್ಣ ಬಣ್ಣ ಇಟ್ಟ. ಇನ್ನೂ ಮೂವರು ತಮ್ಮ ತಮ್ಮ ಕಾರು ತಂದು ನಿಂತಿದ್ದರು. ಅವರ ಮುಂದೆ ತನ್ನ ಆಟ ತೋರಿಸಬೇಕು ಅಂತ ಅವನಿಗೆ ಹುರುಪು.

"ಬಾ ಚೆಲ್ಲೆಮ್ಮ. ಎಲ್ಲೈತಿ ಹುಡುಕು ನೋಡೋಣ."

ನಾನು ಹೊಸ್ತಿಲು ದಾಟಿರಲಿಲ್ಲ. ಅಲ್ಲಿಂದಲೇ ಕಂಡಿತು.

"ಅಣ್ಣ, ಇದೇನು, ಅರಿಷಿಣ ಹಚ್ಚೀ?"

ಆ ಮೂವರು ನಕ್ಕರು. ಅವರಲ್ಲಿ ಒಬ್ಬ, "ಕಾರಿಗೆ ಮದಿಮಗಳ ಶಾಸ್ತ್ರ ಮಾಡ್ಯಾನ ನೋಡವ್ವ" ಅಂದ. ಅಣ್ಣ ಬಗ್ಗಿ ನೋಡಿದ. ಓರೆಯಾಗಿ ನೋಡಿದ. ಕಣ್ಣು ತಿಕ್ಕಿಕೊಂಡು ನೋಡಿದ. "ಎಲ್ಲಿ? ಸರಿ ಐತಲ್ಲ" ಅಂದ. ಅದು ಹಟದಿಂದ ಅಂದ ಮಾತಲ್ಲ, ಅವನಿಗೆ ನಿಜವಾಗಿಯೂ ಕಾಣುತ್ತಿರಲಿಲ್ಲ. ನಕ್ಕವರಲ್ಲಿ ಒಬ್ಬ ಕಾರು ತಿರುಗಿಸಿಕೊಂಡು ಹೋದ. ಇನ್ನಿಬ್ಬರು ಫೋನು ಬಂತು ಅಂತ ಹೋದರು. ಅಣ್ಣ ಡಬ್ಬಿಗಳ ಮುಚ್ಚಳ ಒಂದೊಂದೇ ಒತ್ತಿ ಮುಚ್ಚಿ ಒಳಗೆ ಒಯ್ದ. ಮರುದಿನ ಕಟ್ಟೆ ಖಾಲಿ. ಅದರ ಮರುದಿನವೂ ಖಾಲಿ.

ಅವನ ಮಗಳು ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತಳು.

"ಅತ್ತಿ, ನೀವು ಹಂಗನ್ನಬಾರದಿತ್ತು."

"ಕಂಡದ್ದು ಅಂದೆ."

"ಒಳಗ ಕರದು ಅನ್ನಬೌದಿತ್ತು. ಮೂರು ದಿನ ಆತು, ಗ್ವಾಡಿ ಕಡಿ ಮಕ ಮಾಡಿ ಮಲಗ್ಯಾನ. ನಾನು ಆರು ತಿಂಗಳಿಂದ ನೋಡಾಕತ್ತೀನಿ ಹಳದಿ. ಬಾಯಿ ಬಿಟ್ಟಿಲ್ಲ."

"ಆರು ತಿಂಗಳಿಂದಾ? ಹಂಗಾದ್ರ ಊರಾಗ ಎಷ್ಟು ಕಾರು ಹಳದಿ ಆಗ್ಯಾವ?"

ಅವಳು ಅತ್ತಳು. ನಾನು ನೀರು ಕೊಟ್ಟು ಕಳಿಸಿದೆ. ಆದರೆ ಅವಳಂದದ್ದು ಸರಿ. ನನ್ನ ಮಾತು ತಪ್ಪಿರಲಿಲ್ಲ, ಆಡಿದ ಜಾಗ ತಪ್ಪಿತ್ತು. ಮೂವತ್ತು ವರ್ಷದ ಕೈಯನ್ನು ಮೂವರು ದಾರಿಹೋಕರ ಮುಂದೆ ನಗೆಗೆ ಒಡ್ಡಿದೆ. ಕಣ್ಣು ಹೋಯಿತು ಅಂದರೆ ಅವನ ಹತ್ತಿರ ಮತ್ತೇನಿತ್ತು? ಉಸಿರು ಮೊದಲೇ ಹೋಗಿತ್ತು.

ನಾಲ್ಕನೇ ದಿನ ಗಂಗಾಳದಲ್ಲಿ ಎರಡು ಗುಂಪು ಅಕ್ಕಿ ಹಾಕಿಕೊಂಡು ಹೋದೆ. ಒಂದು ಹೊಸದು, ಇನ್ನೊಂದು ನಮ್ಮ ಡಬ್ಬಿಯ ತಳದಲ್ಲಿ ಉಳಿದ ಹಳೇದು, ಚೆನ್ನಾಗಿ ಹಳದಿ ತಿರುಗಿದ್ದು. ಸಾಲಿ ಮಕ್ಕಳಿಗೂ ಗೊತ್ತಾಗುವಂಥದ್ದು. ಮಂಚದ ಮೇಲೆ ಅವನ ಮುಂದೆ ಇಟ್ಟೆ.

"ಯಾವ್ದು ಹಳೇದು ಹೇಳು."

ಅವ ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡ.

"ಹಲ್ಲಿಂದ ಬ್ಯಾಡ. ಕಣ್ಣಿಂದ ಹೇಳು."

ಬಹಳ ಹೊತ್ತು ನೋಡಿದ. ಗಂಗಾಳವನ್ನು ಕಿಟಕಿ ಕಡೆ ತಿರುಗಿಸಿ ನೋಡಿದ. ಒಳಗೆ ಮಿಷನ್ನಿನ ಸಪ್ಪಳ ನಿಂತಿತ್ತು.

"ಎರಡೂ ಒಂದೇ ಬಿಳಿ, ಚೆಲ್ಲೆಮ್ಮ."

"ಹೂಂ. ಅದಕ್ಕ ಮೋತಿಬಿಂದು ಅಂತಾರ, ಕಣ್ಣಿಗೆ ಪೊರಿ ಬಂದೈತಿ. ಕೈ ಕೆಟ್ಟಿಲ್ಲ ನಿಂದು. ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ."

ಒಲ್ಲೆ ಅಂದ. ಸಂಜೆ ತನಕ ಕುಂತೆ, ಆಗ ಯಾಕೆ ಅಂತ ಹೇಳಿದ. ಅವನ ತಾಯಿಗೆ ಎಂದೋ ಕಣ್ಣು ಆಪರೇಷನ್ ಆಗಿತ್ತಂತೆ. ಮೂರನೇ ದಿನಕ್ಕೇ ಆಕೆ ಒಲೆ ಮುಂದೆ ಕುಂತು ಊದುಗೊಳವೆ ಊದಿದಳಂತೆ, ಮಕ್ಕಳು ಹಸಿದಾವೆ ಅಂತ. ಹೊಗೆ, ಬೂದಿ ಕಣ್ಣಿಗೆ ಬಿದ್ದು ಕಣ್ಣೇ ಹೋಯಿತು. ಹಸಿದಿದ್ದ ಮಕ್ಕಳಲ್ಲಿ ಇವನೇ ದೊಡ್ಡವ.

"ಅದು ಆಪರೇಷನ್ ತಪ್ಪಲ್ಲ, ಒಲಿ ತಪ್ಪು" ಅಂದೆ. "ನಿನ್ನ ಹೊಟ್ಟಿಗೆ ಈಗ ನಾನು ಹಾಕ್ತೀನಿ. ನಮ್ಮ ಮನ್ಯಾಗ ಗ್ಯಾಸ್ ಐತಿ. ಏಳು."

ಹೋದೆವು. ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು ಕಣ್ಣು. ಪಟ್ಟಿ ಬಿಚ್ಚಿದಾಗ ನಾನೇ ಎದುರಿಗೆ ನಿಂತಿದ್ದೆ. ಮೊದಲು ಗೋಡೆ ನೋಡಿದ. ಆಮೇಲೆ ಸಿಸ್ಟರಮ್ಮನ ಕೋಟು ನೋಡಿದ. ಆಮೇಲೆ ನನ್ನನ್ನು.

"ನಿನ್ನ ತಲಿ ಯಾವಾಗ ಇಷ್ಟು ಬೆಳ್ಳಗಾತು?"

"ನಿನ್ನ ಕಣ್ಣು ಕೆಟ್ಟಾಗ. ಯಾರೂ ನೋಡವಲ್ರು ಅಂತ ಆರಾಮ ಬೆಳ್ಳಗಾತು."

ನಲವತ್ತು ದಿನ ನಮ್ಮನೆಯಲ್ಲಿ ಒಗ್ಗರಣೆ ಸಿಡಿದರೂ ತನ್ನ ಕಿಟಕಿ ಮುಚ್ಚಿಸುತ್ತಿದ್ದ. ನಲವತ್ತೊಂದನೇ ದಿನ ಎದ್ದು ಬಂದು ನನ್ನ ಮಗನ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕುಂತ. ಗೇಟು ತಾಗಿದ ಜಾಗವನ್ನು ನೋಡಿದ. ಬೆರಳಿನಿಂದ ಮುಟ್ಟಲಿಲ್ಲ. ಕುಂತವ ಏಳಲೇ ಇಲ್ಲ. ನಾನು ಹೋಗಿ ರಟ್ಟೆ ಹಿಡಿದು ಎಬ್ಬಿಸಿದೆ.

"ಇದನ್ನ ಹಚ್ಚಿ, ಹುಡುಕು ಅಂತ ನಿನ್ನ ಕರದೆನಲ್ಲ" ಅಂದ. ಅಷ್ಟೇ ಅಂದದ್ದು.

ಮಧ್ಯಾಹ್ನ ನನ್ನನ್ನು ಕರೆದು ಬರಿ ಅಂದ. ಕಣ್ಣು ಕೆಟ್ಟ ಆರು ತಿಂಗಳಲ್ಲಿ ಬಣ್ಣ ಇಟ್ಟ ಬಿಳಿ ಕಾರುಗಳು. ಅವನಿಗೆ ಕಾರಿನವರ ಹೆಸರು ನೆನಪಿರುತ್ತಿರಲಿಲ್ಲ, ಗಾಯ ನೆನಪಿರುತ್ತಿತ್ತು. ಬಲಗಡೆ ಹಿಂದಿನ ಬಾಗಿಲು, ಎಮ್ಮೆ ಕೋಡು. ಡಿಕ್ಕಿ ಮೇಲೆ, ಚೆಂಡು ಹೊಡೆದದ್ದು. ಹಿಂಗೆ ಏಳು. ನಮ್ಮದು ಒಂದು, ಬಳ್ಳಾರಿಯಲ್ಲೇ ನಾಲ್ಕು, ಕುರುಗೋಡಿನದು ಒಂದು, ಸಿರುಗುಪ್ಪದ್ದು ಒಂದು. "ಏಳೂ ಸರಿ ಮಾಡಿದ ಮ್ಯಾಲನ ನಾನು ಕಟ್ಟಿ ಮ್ಯಾಲ ಕುಂದ್ರೋದು" ಅಂದ. ಮಗಳು ಬಂದು, ಯಾರೂ ದೂರಿಲ್ಲ, ಯಾರಿಗೂ ಬೇಕಾಗಿಲ್ಲ, ಸುಮ್ಮನೆ ಯಾಕೆ ಅಂದಳು. "ನನಗ ಬೇಕಾಗೈತಿ" ಅಂದ.

ಬಳ್ಳಾರಿಯವು ಒಂದು ತಿಂಗಳಲ್ಲಿ ಮುಗಿದವು. ಬಾಗಿಲು ಬಡಿದು, "ನಿಮ್ಮ ಕಾರು ಕೆಡಿಸೀನಿ, ಸರಿ ಮಾಡಾಕ ಬಂದೀನಿ" ಅನ್ನುತ್ತಿದ್ದ. ಜನ ಹೆದರಿ ಓಡಿ ಬಂದು ಕಾರು ನೋಡುತ್ತಿದ್ದರು. ಒಬ್ಬರು ಆ ಚುಕ್ಕೆ ಎಲ್ಲಿದೆ ಅಂತ ಅವನಿಂದಲೇ ತೋರಿಸಿಕೊಂಡರು.

ಕುರುಗೋಡಿಗೆ ಬಸ್ಸಿನಲ್ಲಿ ಹೋದೆವು. ಡಬ್ಬಿಗಳನ್ನು ಊಟದ ಕ್ಯಾರಿಯರಿನಲ್ಲಿ ಇಟ್ಟುಕೊಂಡಿದ್ದ. ನಾನು ಯಾಕೆ ಬರಬೇಕು ಅಂದರೆ, "ಕಣ್ಣು ಹೊಸದು, ಸಾಕ್ಷಿ ಬೇಕು" ಅಂದ. ಆ ಕಾರಿನ ಕಥೆ ಹಿಂಗೆ. ಹೊಸ ಕಾರು ತಂದ ದಿನ ಬಸವೇಶ್ವರ ಗುಡಿ ಮುಂದೆ ಪೂಜೆ. ಮನೆಯ ಯಜಮಾನ ಕಾಯಿಯನ್ನು ನೆಲಕ್ಕೆ ಒಡೆಯುವುದು ಬಿಟ್ಟು ಭಕ್ತಿ ಹೆಚ್ಚಾಗಿ ಕಾರಿನ ಮೂತಿಗೇ ಒಡೆದಿದ್ದ. ಚಿಪ್ಪು ಸಿಡಿದು ಬಾನೆಟ್ಟಿನ ತುದಿಯಲ್ಲಿ ಬಣ್ಣ ಹಾರಿತ್ತು. "ದೇವ್ರು ಕಾಯಿ ಕೇಳಿದ್ದ, ಕಾರು ಕೇಳಿದ್ದಿಲ್ಲ" ಅಂತ, ಕಾರು ಬಣ್ಣಕ್ಕೆ ತಂದ ದಿನವೇ ಅಣ್ಣ ಅವನಿಗೆ ಬೈದಿದ್ದನಂತೆ.

ನಾವು ಹೋದಾಗ ಆ ಯಜಮಾನ ಇರಲಿಲ್ಲ. ತೀರಿಕೊಂಡು ಮೂರು ತಿಂಗಳಾಗಿತ್ತು. ಹೆಂಡತಿ ಹೊರಗೆ ಬಂದಳು, ನಡುವಯಸ್ಸಿನಾಕೆ. ವಿಷಯ ಕೇಳಿ, ಕಾರಿಗೆ ಅಡ್ಡ ನಿಂತಳು.

"ಬ್ಯಾಡ್ರಿ ಅಣ್ಣಾರ. ಅದನ್ನ ಮುಟ್ಟಬ್ಯಾಡ್ರಿ. ಅವರ ಕೈ ಗುರ್ತು ಅದು."

ನಾನಾಗಿದ್ದರೆ ತಿರುಗಿ ಬರುತ್ತಿದ್ದೆ. ಅಣ್ಣ ಕ್ಯಾರಿಯರು ಕೆಳಗಿಟ್ಟು ಹೇಳಿದ: "ತಾಯಿ, ನಿಮ್ಮ ಯಜಮಾನ್ರ ಗುರ್ತು ಚಕ್ಕಿ ಎದ್ದದ್ದು. ಹಳದಿ ನನ್ನ ತಪ್ಪು. ಎರಡೂ ಕಲಸಬ್ಯಾಡ್ರಿ. ನನ್ನದು ನನಗ ಕೊಡ್ರಿ, ಅವರದು ನಿಮಗ ಬಿಡ್ತೀನಿ."

ಆಕೆ ಪಕ್ಕಕ್ಕೆ ಸರಿದಳು. ಅವ ಹಳದಿಯನ್ನು ಎರಡು ತಾಸು ಹಿಡಿದು ಕಡ್ಡಿ ತುದಿಯಿಂದ, ಕಾಗದದಿಂದ ತೆಗೆದ. ಕೆಳಗೆ ಚಿಪ್ಪು ಬಡಿದ ಗುರುತು ಹಂಗೇ ಬಂತು, ಚಂದ್ರನ ತುಂಡಿನಂಗೆ ಬಾಗಿದ್ದು. ಅದರ ಮೇಲೆ ಬಣ್ಣ ಇಡಲಿಲ್ಲ. ತುಕ್ಕು ಹಿಡಿಯದಂಗೆ ನೀರಿನಂಥ ಕ್ಲಿಯರು ಮಾತ್ರ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿದ. ಕಾಣಲಿ ಅಂತ ಅವ ಮಾಡಿದ ಕೆಲಸ ನಾನು ನೋಡಿದ್ದು ಅದೊಂದೇ. ಆಕೆ ನಮಗೆ ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟಳು. ಅಣ್ಣ ಎರಡು ಸಲ ಹಾಕಿಸಿಕೊಂಡ.

ಉಳಿದದ್ದು ಸಿರುಗುಪ್ಪದ್ದು. ಅದು ಗೊಬ್ಬರದ ಅಂಗಡಿಯವನ ಕಾರು. ಎಡಗಡೆ ಮುಂದಿನ ಬಾಗಿಲು, ಹಿಡಿಕೆಯ ಕೆಳಗೆ, ಹೆಬ್ಬೆರಳಿನ ಉಗುರಿನಷ್ಟು. ನಾವು ಹೋಗುವಷ್ಟರಲ್ಲಿ ಅವ ಅದನ್ನು ಮಾರಿಬಿಟ್ಟಿದ್ದ. ತಗೊಂಡವನು ಆದೋನಿ ಕಡೆಯವನು. ಫೋನು ಮಾಡಿದರೆ ಅವನೂ ಇನ್ನೊಬ್ಬರಿಗೆ ಮಾರಿದ್ದೇನೆ ಅಂದ. ಆ ಇನ್ನೊಬ್ಬರ ನಂಬರು ಹತ್ತಲಿಲ್ಲ.

ಅಣ್ಣ ಕಟ್ಟೆ ಮೇಲೆ ಕೂಡಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿಗೆ ಹೋಗಿ ಕುಂತು ದಾರಿಯ ಮೇಲಿನ ಬಿಳಿ ಕಾರುಗಳ ಎಡ ಬಾಗಿಲು ನೋಡಲು ಶುರು ಮಾಡಿದ. ಬಿಳಿ ಕಾರಿಗೆ ಬಳ್ಳಾರಿಯಲ್ಲಿ ಏನು ಕಮ್ಮಿ. ಸಿಗ್ನಲ್ಲಿನಲ್ಲಿ ನಿಂತ ಕಾರಿಗೆ ಬಗ್ಗಿ ಬೈಸಿಕೊಂಡಿದ್ದೂ ಇದೆ. ನನ್ನ ಮಗನಿಗೂ ಹೇಳಿದ್ದ. ಅವ ಬಾಡಿಗೆಗೆ ಹೋದಲ್ಲೆಲ್ಲ ಫೋಟೋ ಹೊಡೆದು ತರಬೇಕು. ತಂದ ಫೋಟೋಗಳನ್ನು ಅಣ್ಣ ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇದು ಹೊಸ ಸೋನಾ. ನಮ್ಮದಲ್ಲ" ಅಂತ ವಾಪಸ್ ಕೊಡುತ್ತಿದ್ದ. ಹುಚ್ಚು ಹಿಡಿದಿದೆ ಅಂತ ಓಣಿಯವರು ಆಡಿಕೊಂಡರು. ನನಗೆ ಹಂಗೆ ಅನ್ನಿಸಲಿಲ್ಲ. ಅಕ್ಕಿಯಲ್ಲಿ ಒಂದು ಕಲ್ಲು ಉಳಿದಿದೆ ಅಂತ ಗೊತ್ತಿದ್ದರೆ, ಅನ್ನ ಉಣ್ಣುವವ ಪ್ರತಿ ತುತ್ತೂ ಹೆದರಿಯೇ ಕಚ್ಚುತ್ತಾನೆ.

ಒಂದು ವರ್ಷದ ಮೇಲೆ ಹಿಂಗೇ ನಡೆಯಿತು. ಈ ಸಲ ಬೇಸಿಗೆ ಬರುವ ಮೊದಲೇ ದಮ್ಮು ಹೆಚ್ಚಾಗಿ ಹಾಸಿಗೆ ಹಿಡಿದ. ಹಾಸಿಗೆಯಿಂದಲೇ ಕೇಳುತ್ತಿದ್ದ, ಸಿಕ್ಕಿತೇನು ಅಂತ. ಮಗಳಿಗೆ ತಡೆಯದೆ ಒಂದು ದಿನ, "ಸಿಕ್ಕೈತಂತಪ್ಪ, ತಗೊಂಡೋರು ಪೂರಾ ಕಾರಿಗೆ ಹೊಸಾ ಬಣ್ಣ ಹೊಡಿಸ್ಯಾರಂತ" ಅಂದಳು. ನನ್ನ ಮಗನೂ ಹೂಂಗುಟ್ಟಿದ. "ಹೌದು ಮಾವ, ನಾನ ನೋಡಿದೆ" ಅಂದ.

"ಚೆಲ್ಲೆಮ್ಮ ನೋಡ್ಯಾಳೇನು?" ಅಂತ ಕೇಳಿದನಂತೆ.

ನನ್ನ ಮಗ ಬಾಡಿಗೆ ಐತಿ ಅಂತ ಎದ್ದು ಬಂದ.

ದವಾಖಾನೆಯಲ್ಲಿ ಡಾಕ್ಟರು ಇನ್ನು ಆಗುವುದಿಲ್ಲ, ಮನೆಗೆ ಕರಕೊಂಡು ಹೋಗಿರಿ ಅಂದ ದಿನ ಮಗಳು ಅಡಿಗೆಮನೆಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಅತ್ತಿ, ಒಂದು ಸಲ ಹೂಂ ಅನ್ರಿ. ನೀವಂದ್ರ ನಂಬ್ತಾನ. ಸಮಾಧಾನದಿಂದ ಹೋಗ್ಲಿ." ಅನ್ನುತ್ತೇನೆ ಅಂದೆ. ನಿಜವಾಗಿಯೂ ಅನ್ನಬೇಕು ಅಂತಲೇ ಒಳಗೆ ಹೋದೆ. ಒಂದು ಸಲ ಹೊರಗೆ ಆಡಬಾರದ ಮಾತು ಆಡಿದವಳು, ಈ ಸಲ ಒಳಗೆ ಆಡಬೇಕಾದ ಮಾತು ಆಡಿದರೆ ಲೆಕ್ಕ ಸರಿಹೋಗುತ್ತದೆ ಅಂದುಕೊಂಡೆ.

ಅವ ಎರಡು ದಿಂಬಿಗೆ ಒರಗಿ ಕುಂತಿದ್ದ. ಮಲಗಿದರೆ ಉಸಿರು ಹತ್ತುತ್ತಿರಲಿಲ್ಲ. ನನ್ನ ಮುಖವನ್ನೇ ನೋಡಿದ, ಕಾರಿನ ಬಾಗಿಲು ನೋಡಿದಂಗೆ, ಓರೆಯಾಗಿ.

"ಸಿಕ್ಕಿತೇನು ಚೆಲ್ಲೆಮ್ಮ?"

ಬಾಯಿಗೆ ಬಂದಿದ್ದ ಹೂಂ ಅಲ್ಲೇ ನಿಂತಿತು.

"ಇಲ್ಲ. ಸಿಕ್ಕಿಲ್ಲ."

ಬಾಗಿಲ ಹತ್ತಿರ ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. ಅಣ್ಣ ಕಣ್ಣು ಮುಚ್ಚಿ, ಇದ್ದಷ್ಟು ಉಸಿರಿನಲ್ಲಿ ನಕ್ಕ.

"ಹಂಗಾದ್ರ ನನಗಿನ್ನೂ ಟೈಮ್ ಐತಿ. ನೀನೂ ಸಿಕ್ಕೈತಿ ಅಂದಿದ್ರ, ಡಾಕ್ಟರು ನಿನ್ನ ಕಿವ್ಯಾಗ ಏನೋ ಊದ್ಯಾನ ಅಂತ ತಿಳಕೊಂತಿದ್ದೆ. ಬ್ಯಾಸಿಗಿ ಹೋಗ್ಲಿ, ಆದೋನಿಗೆ ಹೋಗಿ ಬರೋಣ. ಹಸಿವಾಗೇತಿ, ಏನರ ಹಾಕು."

ಗಂಜಿ ಕೊಟ್ಟೆ. ಒಂದು ವಾರದಿಂದ ಏನೂ ಇಳಿಯದಿದ್ದವ ಬಟ್ಟಲು ಖಾಲಿ ಮಾಡಿದ. ಆದೋನಿಗೆ ಯಾವ ಬಸ್ಸು, ಎಷ್ಟು ಹೊತ್ತಿಗೆ ಅಂತ ಕೇಳಿದ. ಬೆಳಗಿನ ಬಸ್ಸಿಗೆ ಹೋದರೆ ಬಿಸಿಲು ಹತ್ತುವುದಿಲ್ಲ ಅಂದೆ.

ಮೂರನೇ ದಿನಕ್ಕೆ ಹೋದ. ಆ ಮೂರು ದಿನ ಅಪ್ಪ ಚಲೋ ನಿದ್ದೆ ಮಾಡಿದ ಅಂತ ಮಗಳು ಎಲ್ಲರಿಗೂ ಹೇಳುತ್ತಾಳೆ. ನನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ನಾನು ಅವನಿಗೆ ಯಾವತ್ತೂ ಒಂದು ಸುಳ್ಳು ಹೇಳಿದವಳಲ್ಲ. ಕಡೆಗೆ ನಿಜ ಹೇಳಿಯೇ ಅವನಿಗೆ ಮೋಸ ಮಾಡಿದೆ.